ಮ್ಯಾಂಕ್ಸ್ ಎಲೆಕ್ಟ್ರಿಕ್ ರೈಲ್ವೆ: ಟ್ರಾಮ್ ಬಂಡಿಗಳು

ಐಲ್ ಆಫ್ ಮ್ಯಾನ್ ದ್ವೀಪದ ಡಗ್ಲಸ್ ಮತ್ತು ರ‍್ಯಾಮ್ಸೆ ಪಟ್ಟಣಗಳ ನಡುವೆ ಸುಮಾರು 27 ಕಿ.ಮೀ. ಓಡುವ ವಿದ್ಯುತ್ ಟ್ರಾಮ್ ಮಾರ್ಗದ ಬಂಡಿಗಳ ಸಮೂಹ. ಹಳಿಗಳ ನಡುವಿನ ಅಂತರ 3 ಅಡಿ.

1893ರಲ್ಲಿ ಡಗ್ಲಸ್‌ನಿಂದ ಗ್ರೌಡಲ್‌ವರೆಗೆ ಮಾರ್ಗ ತೆರೆದಾಗ ಇದ್ದದ್ದು ಮೂರೇ ಮೋಟಾರು ಬಂಡಿಗಳು. ಅವುಗಳಲ್ಲಿ 1 ಮತ್ತು 2ನೇ ಸಂಖ್ಯೆಯವು ಇಂದಿಗೂ ಅದೇ ಹಳಿಗಳ ಮೇಲಿವೆ. ತಮ್ಮ ಮೂಲ ಮಾರ್ಗದಲ್ಲೇ ಇನ್ನೂ ಓಡುವ ಟ್ರಾಮ್‌ಗಳಲ್ಲಿ ಇವು ಜಗತ್ತಿನಲ್ಲೇ ಅತ್ಯಂತ ಹಳೆಯವೆಂದು ಹೆಸರಾಗಿವೆ. ಈ ಸಮೂಹದ ನಿಜವಾದ ಹಿರಿಮೆ ಇದೇ. ಮಾರ್ಗ 1894ರಲ್ಲಿ ಲ್ಯಾಕ್ಸಿಗೆ, 1899ರಲ್ಲಿ ರ‍್ಯಾಮ್ಸೆಗೆ ಬೆಳೆದಂತೆ ಬಂಡಿಗಳೂ ಹೆಚ್ಚಿದವು. ಬೇಸಗೆಯ ಪ್ರವಾಸಿಗರಿಗೆ ಪಕ್ಕಗಳು ತೆರೆದ, ಅಡ್ಡಬೆಂಚುಗಳ ಬಂಡಿಗಳು. ಕಡಲಗಾಳಿ ಕೊರೆಯುವ ಚಳಿಗಾಲಕ್ಕೆ 1899ರ 19ರಿಂದ 22ನೇ ಸಂಖ್ಯೆಯ ಮುಚ್ಚಿದ ಬಂಡಿಗಳು. ವಿದ್ಯುತ್ ಪಡೆಯಲು ಮೊದಲು ಇದ್ದ ಬಿಲ್ಲಿನಾಕಾರದ ಸಾಧನ ಹೋಗಿ ಚಾವಣಿಯ ಮೇಲೆ ಟ್ರಾಲಿ ಕಂಬ ಬಂತು. 1906ರ 32 ಮತ್ತು 33ನೇ ಬಂಡಿಗಳೇ ಕೊನೆಯ ಹೊಸ ಮೋಟಾರು ಬಂಡಿಗಳು.

1930ರಲ್ಲಿ ಲ್ಯಾಕ್ಸಿ ಶೆಡ್ಡಿಗೆ ಬಿದ್ದ ಬೆಂಕಿ ನಾಲ್ಕು ಮೋಟಾರು ಬಂಡಿಗಳನ್ನೂ ಅವುಗಳ ಹಿಂದೆ ಎಳೆಯುವ, ಮೋಟಾರಿಲ್ಲದ ಏಳು ಟ್ರೇಲರ್‌ಗಳನ್ನೂ ನುಂಗಿತು. 1893ರ ಮೂರನೆಯ ಬಂಡಿಯೂ ಆಗಲೇ ಸುಟ್ಟುಹೋಯಿತು. ಬದಲಿಗೆ ಬಂದದ್ದು ಮೂರು ಟ್ರೇಲರ್‌ಗಳು ಮಾತ್ರ. ಮಾರ್ಗ ನಡೆಸುತ್ತಿದ್ದ, ಬಂಡವಾಳವಿಲ್ಲದ ಕಂಪನಿ ಹಳೆಯವನ್ನೇ ದುರಸ್ತಿ ಮಾಡುತ್ತ ಓಡಿಸಿತು. ಪರಂಪರೆ ಉಳಿದದ್ದಕ್ಕೆ ಈ ಬಡತನವೂ ಒಂದು ಕಾರಣವೆನ್ನಬೇಕು. 1957ರಲ್ಲಿ ಮಾರ್ಗ ದ್ವೀಪದ ಸರ್ಕಾರದ ವಶವಾಯಿತು. 1990ರಲ್ಲಿ ಬೆಂಕಿಗೆ ಸಿಕ್ಕಿದ 22ನೇ ಬಂಡಿ ಹೊಸ ಒಡಲು ಪಡೆದು 1992ರಲ್ಲಿ ಮತ್ತೆ ಹಳಿಗೆ ಇಳಿಯಿತು.