ಸಹಿ ಬಿದ್ದ ಮೇಲಿನ ಲೆಕ್ಕ

ಬಸ್ ನಿಲ್ದಾಣದ ಪಕ್ಕದಲ್ಲೋ ಸಂತೆ ಬೀದಿಯಲ್ಲೋ ಪುರಸಭೆಯ ಮಳಿಗೆಗಳಿಲ್ಲದ ಪಟ್ಟಣ ಕರ್ನಾಟಕದಲ್ಲಿ ಅಪರೂಪ. ಮಳಿಗೆಗಳ ಹರಾಜು ಎಂದರೆ ಜನ ಸೇರುತ್ತಾರೆ, ಸವಾಲು ಏರುತ್ತದೆ, ಯಾರು ಎಷ್ಟಕ್ಕೆ ಹಿಡಿದರು ಎಂಬುದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಆಮೇಲೆ ಆ ಮಳಿಗೆಯ ಸಂಗತಿ ಕಂದಾಯ ಶಾಖೆಯ ಕಡತಕ್ಕೆ ಸೇರಿಬಿಡುತ್ತದೆ. ಸಾರ್ವಜನಿಕ ಆಸ್ತಿಯ ಗುತ್ತಿಗೆಯನ್ನು ಬೆಳಕಿಗೆ ತರಲು ನಾಲ್ಕೂವರೆ ದಶಕಗಳಿಂದ ನಡೆದಿರುವ ಪ್ರಯತ್ನಗಳಲ್ಲಿ ಹೆಚ್ಚಿನವು ಕಣ್ಣಿಟ್ಟಿದ್ದು ಆ ಹರಾಜಿನ ದಿನದ ಮೇಲೆ. ನಷ್ಟ ಹುಟ್ಟುವುದು ಮರುದಿನದಿಂದ.

ಈ ಚರಿತ್ರೆಯಲ್ಲಿ ಮೊದಲು ಹೆಸರಿಸಬೇಕಾದದ್ದು ಮುಂಬೈ ವಿಮಾನ ನಿಲ್ದಾಣದ ಒಂದು ಹೋಟೆಲು. ಅಲ್ಲಿ ಹೋಟೆಲು, ತಿಂಡಿ ಅಂಗಡಿ ನಡೆಸಲು ಕರೆದ ಟೆಂಡರಿನಲ್ಲಿ, ನಿಗದಿಪಡಿಸಿದ ಅರ್ಹತೆ ಇಲ್ಲದವರಿಗೇ ಗುತ್ತಿಗೆ ಸಿಕ್ಕಿತ್ತು. 1979ರಲ್ಲಿ ರಮಣ ದಯಾರಾಮ್ ಶೆಟ್ಟಿ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು, ಸರ್ಕಾರ ತನ್ನ ಆಸ್ತಿಯನ್ನು ಖಾಸಗಿ ಮಾಲೀಕನಂತೆ ಮನಸ್ಸಿಗೆ ಬಂದವರಿಗೆ ಕೊಡುವಂತಿಲ್ಲ, ತಾನೇ ಹಾಕಿದ ಷರತ್ತನ್ನು ತಾನೇ ಮುರಿಯುವಂತಿಲ್ಲ ಎಂದು ತೀರ್ಪಿತ್ತರು. ಆದರೆ ಅರ್ಜಿದಾರನಿಗೆ ಫಲ ಸಿಗಲಿಲ್ಲ. ಅವನು ತಡವಾಗಿ ಬಂದಿದ್ದ, ಅಷ್ಟರಲ್ಲಿ ಗುತ್ತಿಗೆದಾರ ಹಣ ಹೂಡಿಯಾಗಿತ್ತು. ಮುಂದಿನ ಎಷ್ಟೋ ಪ್ರಕರಣಗಳ ಹಣೆಬರಹ ಅಲ್ಲೇ ಬರೆದಂತಿದೆ.

ಮರುವರ್ಷವೇ ಕಸ್ತೂರಿ ಲಾಲ್ ತೀರ್ಪು ಎಲ್ಲಕ್ಕೂ ಹರಾಜು ಕಡ್ಡಾಯವಲ್ಲ ಎಂದಿತು. 2011ರಲ್ಲಿ ಭೋಪಾಲದ 20 ಎಕರೆ ಜಮೀನನ್ನು ಜಾಹೀರಾತಿಲ್ಲದೆ ಒಂದು ಟ್ರಸ್ಟಿಗೆ ಕೊಟ್ಟಿದ್ದನ್ನು ಸುಪ್ರೀಂ ಕೋರ್ಟ್ ರದ್ದುಮಾಡಿತು. 2012ರಲ್ಲಿ ರಾಷ್ಟ್ರಪತಿಗಳು ಕೇಳಿದ ಪ್ರಶ್ನೆಗೆ ಉತ್ತರಿಸುತ್ತ ಹರಾಜೊಂದೇ ಸಂವಿಧಾನಬದ್ಧ ದಾರಿಯಲ್ಲ ಎಂದು ಮತ್ತೆ ಹೇಳಿತು. ಯಾರಿಗೆ ಕೊಟ್ಟಿರಿ, ಹೇಗೆ ಕೊಟ್ಟಿರಿ ಎಂಬುದು ಕೋರ್ಟು ಕೇಳುತ್ತ ಬಂದ ಪ್ರಶ್ನೆ. ಕೊಟ್ಟ ಮೇಲೆ ಏನಾಯಿತು ಎಂದು ಕೇಳುವುದು ಅದರ ಕೆಲಸವೂ ಅಲ್ಲವೇನೋ.

ಶಾಸನದ ಕಡೆ ನೋಡಿದರೆ ಒಂದು ವಿಚಿತ್ರವಿದೆ. ರಾಜ್ಯದ ಹೆಮ್ಮೆಯ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಸರ್ಕಾರ ಕೊಳ್ಳುವುದನ್ನು ಕಾಯುತ್ತದೆ. ಪುರಸಭೆ ಬಲ್ಬು ಕೊಳ್ಳಬೇಕಾದರೆ ಈ ಕಾಯ್ದೆ ಅಡ್ಡ ನಿಲ್ಲುತ್ತದೆ. ಮುಖ್ಯರಸ್ತೆಯ ಮಳಿಗೆಯನ್ನು ಬಾಡಿಗೆಗೆ ಕೊಡುವಾಗ ಅದರ ಪಾತ್ರವಿಲ್ಲ. ಆ ಕೆಲಸ ಪುರಸಭೆ, ಪಾಲಿಕೆ ಕಾಯ್ದೆಗಳಿಗೂ ಅವುಗಳ ಕೆಳಗಿನ ನಿಯಮ, ಸುತ್ತೋಲೆಗಳಿಗೂ ಬಿಟ್ಟಿದ್ದು. ಹೋಗುವ ದುಡ್ಡಿಗೆ ಕಾವಲು, ಬರಬೇಕಾದ ದುಡ್ಡಿಗೆ ಸುತ್ತೋಲೆ.

2002ರಲ್ಲಿ ಬೆಂಗಳೂರಿನಲ್ಲಿ ಬೇರೆಯೇ ಬಗೆಯ ಪ್ರಯತ್ನವೊಂದು ಶುರುವಾಯಿತು. ಜನಾಗ್ರಹ, ಪಬ್ಲಿಕ್ ಅಫೇರ್ಸ್ ಸೆಂಟರ್, ಅಕ್ಷರ ಫೌಂಡೇಶನ್, ವಾಯ್ಸಸ್ ಸೇರಿ ನಡೆಸಿದ 'ಪ್ರೂಫ್' ಅಭಿಯಾನ, ಮಹಾನಗರ ಪಾಲಿಕೆ ಮೂರು ತಿಂಗಳಿಗೊಮ್ಮೆ ತನ್ನ ಆದಾಯ-ವೆಚ್ಚವನ್ನು ನಾಗರಿಕರ ಮುಂದೆ ಇಡಬೇಕೆಂದು ಒತ್ತಾಯಿಸಿತು. ಅದೇ ಹೊತ್ತಿಗೆ ಪಾಲಿಕೆಯಲ್ಲಿ ನಿಧಿ ಆಧಾರಿತ ಜೋಡಿ ನಮೂದು ಲೆಕ್ಕಪದ್ಧತಿ ಬಂದಿತ್ತು. 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಅದನ್ನು ಪುರಸಭೆಗಳಿಗೂ ಕೊಂಡೊಯ್ದವು. ಹಳೆಯ ನಗದು ಲೆಕ್ಕದಲ್ಲಿ ಬಾರದ ಬಾಡಿಗೆ ಕಣ್ಣಿಗೇ ಬೀಳುತ್ತಿರಲಿಲ್ಲ: ಬಂದರೆ ಜಮೆ, ಬರದಿದ್ದರೆ ಖಾಲಿ ಸಾಲು. ಹೊಸ ಪದ್ಧತಿಯಲ್ಲಿ ಬಾಕಿ ಬಾಕಿಯಾಗಿಯೇ ಕಾಣಬೇಕು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಯಾವ ತೀರ್ಪಿಗಿಂತಲೂ ದೊಡ್ಡ ಹೆಜ್ಜೆ ಇದು. ಆದರೂ ಒಂದು ಕೊರತೆ ಉಳಿಯಿತು. ಮಾರುಕಟ್ಟೆ ದರಕ್ಕಿಂತ ಎಷ್ಟು ಕಡಿಮೆಗೆ ಮಳಿಗೆ ಕೊಟ್ಟಿದ್ದೇವೆ ಎಂಬುದನ್ನು ಜೋಡಿ ನಮೂದೂ ಹೇಳುವುದಿಲ್ಲ. ಕೇಳದ ಬಾಡಿಗೆಗೆ ಲೆಕ್ಕದ ಪುಸ್ತಕದಲ್ಲಿ ಜಾಗವಿಲ್ಲ.

2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನ ಪ್ರಕಾರ ರಿಯಾಯಿತಿ, ಪರವಾನಗಿ ಪಡೆದವರ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಅದೇ ಕಾಯ್ದೆಯ 8ನೇ ಕಲಮಿನಲ್ಲಿ ವ್ಯಾಪಾರ ಗೋಪ್ಯತೆಯ ವಿನಾಯಿತಿಯೂ ಇದೆ. ಊರಿನ ಆಸ್ತಿಗೆ ಬರುವ ಬಾಡಿಗೆ ಎಷ್ಟು ಎಂಬುದರಲ್ಲಿ ಯಾವ ವ್ಯಾಪಾರ ಗುಟ್ಟಿದೆಯೋ ನನಗಂತೂ ಅರ್ಥವಾಗಿಲ್ಲ.

ಇನ್ನು ಕಾಣದ ಖರ್ಚುಗಳು. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಡಿ ನೋಂದಾಯಿಸಬೇಕು. ಹನ್ನೊಂದು ತಿಂಗಳ ಕರಾರು ಬರೆದು ಅದನ್ನೇ ಮತ್ತೆ ಮತ್ತೆ ಮುಂದುವರಿಸಿದರೆ ನೋಂದಣಿಯೂ ಇಲ್ಲ, ಹೊಸ ಹರಾಜೂ ಇಲ್ಲ. ಕಾಗದದಲ್ಲಿ ಒಬ್ಬ ಬಾಡಿಗೆದಾರ, ಗಲ್ಲಾದ ಹಿಂದೆ ಇನ್ನೊಬ್ಬ ಕೂತಿದ್ದರೆ ಮಾರುಕಟ್ಟೆ ದರದ ಬಾಡಿಗೆ ವಸೂಲಾಗುತ್ತಲೇ ಇರುತ್ತದೆ, ಮೊದಲನೆಯವನಿಗೆ. ಒಳಬಾಡಿಗೆಯ ಆ ವ್ಯತ್ಯಾಸ, ಕೈಬದಲಾಗುವ ಪಗಡಿ ಪುರಸಭೆಯ ಯಾವ ಲೆಕ್ಕಕ್ಕೂ ಬರುವುದಿಲ್ಲ. ತೆರವು ಮಾಡಿಸಲು 1974ರ ಸಾರ್ವಜನಿಕ ಆವರಣಗಳ ಕಾಯ್ದೆ ಇದೆ. ತಡೆಯಾಜ್ಞೆ ಬಂದರೆ ಅದೂ ವರ್ಷಗಟ್ಟಲೆ ನಿಲ್ಲುತ್ತದೆ, ಅಷ್ಟು ಕಾಲವೂ ಹಳೆ ಬಾಡಿಗೆ. ಸಣ್ಣ ವ್ಯಾಪಾರಿಯ ಪಾಡನ್ನೂ ಮರೆಯಬಾರದು. ಮೂವತ್ತು ವರ್ಷ ಒಂದೇ ಜಾಗದಲ್ಲಿ ಕೂತು ಗಿರಾಕಿ ಗಳಿಸಿದವನಿಗೆ ಹರಾಜು ಎಂದರೆ ಬದುಕೇ ಪಣಕ್ಕೆ. ಅವನಿಗೆ ರಿಯಾಯಿತಿ ಕೊಡುವುದಾದರೆ ಕೊಡಲಿ. ಎಷ್ಟು ಕೊಟ್ಟೆವು, ಏಕೆ ಕೊಟ್ಟೆವು ಎಂದು ಸಭೆಯ ನಡಾವಳಿಯಲ್ಲಿ ಬರೆಯಲಿ.

ಬಾಡಿಗೆ ಸಾಲದ ಕಟ್ಟಡದ ಕೊನೆಯ ಬಿಲ್ಲು ಮೈಸೂರಿನಲ್ಲಿ ಬಂತು. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷಕ್ಕೆ, ಮತ್ತೆ ಆಗಸ್ಟಿನಲ್ಲೇ, ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ವಾದ ಹೈಕೋರ್ಟಿಗೂ ಹೋಯಿತು. ಕುಸಿತಕ್ಕೆ ಕಾರಣ ಹಲವಿರಬಹುದು. ಆದರೆ ನೂರು ವರ್ಷದ ಸುಣ್ಣದ ಗೋಡೆಗೆ ಪ್ರತಿವರ್ಷ ಎಷ್ಟು ಖರ್ಚಾಗಬೇಕು, ಮಳಿಗೆಗಳಿಂದ ಬರುವ ಬಾಡಿಗೆ ಅದಕ್ಕೆ ಸಾಲುತ್ತದೆಯೇ ಎಂಬ ಸರಳ ಲೆಕ್ಕ ಎರಡು ಕಟ್ಟಡಗಳ ಚರ್ಚೆಯಲ್ಲೂ ಮುಂದೆ ಬರಬೇಕಿತ್ತು.

ಇಂಗ್ಲೆಂಡಿನಲ್ಲಿ 1972ರ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆ ಏಳು ವರ್ಷ ಮೀರಿದ ಗುತ್ತಿಗೆಯನ್ನು ಸಿಗಬಹುದಾದ ಉತ್ತಮ ಬೆಲೆಗಿಂತ ಕಡಿಮೆಗೆ ಕೊಡಬೇಕಾದರೆ ಮೇಲಿನ ಒಪ್ಪಿಗೆ ಬೇಕು. ತನ್ನ ಜಮೀನು, ಕಟ್ಟಡಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಪ್ರಕಟಿಸಲೂಬೇಕು. ಅಲ್ಲಿಯೂ ಪಟ್ಟಿಯಲ್ಲಿ ಬಾಡಿಗೆ ಕಡ್ಡಾಯವಲ್ಲ.

ಬೆಂಗಳೂರಿನಲ್ಲಿ ಈಗ ಒಂದು ಅವಕಾಶ ತಾನಾಗಿ ಬಂದಿದೆ. ಹಿಂದೊಮ್ಮೆ ಬಿಬಿಎಂಪಿ ಸಾಲಕ್ಕಾಗಿ ಕೆ.ಆರ್. ಮಾರುಕಟ್ಟೆ, ಮೇಯೋ ಹಾಲ್‌ನಂಥ ಆಸ್ತಿಗಳನ್ನೇ ಅಡವಿಟ್ಟಿತ್ತು. ಅವನ್ನು ಬಿಡಿಸಿಕೊಳ್ಳಲು ವರ್ಷಗಳು ಹಿಡಿದವು. 2025ರ ಸೆಪ್ಟೆಂಬರಿನಲ್ಲಿ ಆ ಸಂಸ್ಥೆಯ ಜಾಗಕ್ಕೆ ಐದು ಪಾಲಿಕೆಗಳು ಬಂದವು. ಆಸ್ತಿ ಹಂಚಿಕೊಳ್ಳುವಾಗ ಕಟ್ಟಡದ ಹೆಸರು, ಅಳತೆ ಬರೆದು ಕೈತೊಳೆದುಕೊಂಡರೆ ಹಳೆಯ ಕಡತಗಳು ಐದು ಕಚೇರಿಗಳಿಗೆ ಹರಿದುಹೋಗುತ್ತವೆ. ಪ್ರತಿ ಮಳಿಗೆಯ ಮುಂದೆ ಬಾಡಿಗೆದಾರನ ಹೆಸರು, ಕರಾರು ಮುಗಿಯುವ ದಿನ, ತಿಂಗಳ ಬಾಡಿಗೆ, ಬಾಕಿ, ನ್ಯಾಯಾಲಯದಲ್ಲಿ ವ್ಯಾಜ್ಯವಿದ್ದರೆ ಅದರ ಸಂಖ್ಯೆ ಬರೆದು ವಾರ್ಡ್ ಕಚೇರಿಯ ಗೋಡೆಗೆ ಹಾಕಲು ಹೊಸ ಕಾಯ್ದೆಯೇನೂ ಬೇಕಿಲ್ಲ. 4ನೇ ಕಲಮೇ ಸಾಕು.