ಕೆಮ್ಮದ ಕ್ಷಯ

ಜಾಲಹಳ್ಳಿ ಅಂದ ಕೂಡಲೇ ಎಚ್‌ಎಂಟಿ, ಬಿಇಎಲ್ ನೆನಪಾಗುತ್ತೆ. 1953, 54ರಲ್ಲಿ ಹುಟ್ಟಿದ ಕಾರ್ಖಾನೆಗಳು. ಅದೇ ದಶಕದ ಕೊನೆಗೆ, 1959ರಲ್ಲಿ, ಇಲ್ಲಿಂದ ಕೆಲವೇ ಕಿಲೋಮೀಟರ್ ಆಚೆ ಬಳ್ಳಾರಿ ರಸ್ತೆಯ ‘ಅವಲಾನ್’ ಬಂಗಲೆಯಲ್ಲಿ ಇನ್ನೊಂದು ಸಂಸ್ಥೆ ಶುರುವಾಯ್ತು: ರಾಷ್ಟ್ರೀಯ ಕ್ಷಯರೋಗ ಸಂಸ್ಥೆ. ಮರುವರ್ಷ ನೆಹರೂ ಬಂದು ಉದ್ಘಾಟಿಸಿದರು. ಎಚ್‌ಎಂಟಿ ವಾಚು ಎಲ್ಲರಿಗೂ ಗೊತ್ತು. ಇಡೀ ದೇಶದ 1962ರ ಕ್ಷಯ ಕಾರ್ಯಕ್ರಮ ರೂಪುಗೊಂಡಿದ್ದು ಈ ಬಂಗಲೆಯಲ್ಲಿ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಇಲ್ಲಿನವರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋದರು. ಬ್ಯಾನರ್ಜಿ ಮತ್ತು ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಹಳ್ಳಿಯವರಿಗೆ ಅರಿವಿಲ್ಲ ಅಂತ ನಗರದವರು ಹೇಳ್ತಿದ್ದರಲ್ಲ, ಅದು ಸುಳ್ಳಾಯ್ತು. ಶ್ವಾಸಕೋಶದ ಕ್ಷಯ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಕೈಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ! ಹಾಗಾಗಿ, ಕೆಮ್ಮುತ್ತಾ ಬಂದವರ ಕಫ ಪರೀಕ್ಷೆ ಮಾಡಿ ಅನ್ನೋದೇ ಕಾರ್ಯಕ್ರಮದ ಬೆನ್ನೆಲುಬಾಯ್ತು.

ಆದರೆ ಬೆನ್ನೆಲುಬಿಗೇ ಕ್ಷಯ ಬಂದ ಮಗು? ಅದು ಕೆಮ್ಮದೇ ಇರಬಹುದು, ಕಫವೂ ಇರಲ್ಲ. ಸೊಂಟದ ಕೀಲಿಗೆ ಬಂದರೆ ಕುಂಟುತ್ತೆ, ಆಟ ಬಿಡುತ್ತೆ. ನಿದ್ದೆಯಲ್ಲಿ ಸ್ನಾಯು ಸಡಿಲಾದಾಗ ನೋವಿಗೆ ಕಿರುಚಿ ಏಳುತ್ತೆ. ಮನೆಯವರು ಕೆಟ್ಟ ಕನಸು ಅಂದುಕೊಳ್ತಾರೆ. ನೆಲದ ಮೇಲಿನ ನಾಣ್ಯ ಎತ್ತಲು ಹೇಳಿದರೆ ಬೆನ್ನು ಬಗ್ಗಿಸದೆ ಮಂಡಿ ಮಡಚಿ ಕೂತು ಎತ್ತಿಕೊಳ್ಳುತ್ತೆ. ಮೂಳೆ ಸಾಕಷ್ಟು ಸವೆಯುವ ತನಕ ಎಕ್ಸ್‌ರೇಯಲ್ಲಿ ಏನೂ ಕಾಣೋದಿಲ್ಲ. ಎಂಆರ್‌ಐ ಬೇಗ ತೋರಿಸುತ್ತೆ. ಕೀವನ್ನೋ ಮೂಳೆಯ ಚೂರನ್ನೋ ತೆಗೆದು ಪರೀಕ್ಷಿಸಿದರೆ ಖಚಿತವಾಗುತ್ತೆ, ಆದರೆ ಮಕ್ಕಳಲ್ಲಿ ರೋಗಾಣು ಕಡಿಮೆ, ಎಷ್ಟೋ ಸಲ ಕೈಗೇ ಸಿಗಲ್ಲ.

ಈ ಗೂನನ್ನು ಲಂಡನ್ನಿನ ಪರ್ಸಿವಲ್ ಪಾಟ್ 1779ರಲ್ಲೇ ವರ್ಣಿಸಿದ್ದ. ಔಷಧ ಇಲ್ಲದ ಕಾಲದಲ್ಲಿ ಮಕ್ಕಳನ್ನು ಪ್ಲಾಸ್ಟರ್ ಹಾಕಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮಲಗಿಸುತ್ತಿದ್ದರು. ಔಷಧ ಬಂದ ಮೇಲೂ ಅಭ್ಯಾಸ ಬಿಡಲಿಲ್ಲ. ಕೊನೆಗೆ ಕೊರಿಯಾದ ಮಸಾನ್‌ನಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಹೋಲಿಸಿ ನೋಡಿತು: ಒಂದು ಗುಂಪಿಗೆ ಆರು ತಿಂಗಳು ಹಾಸಿಗೆ, ಇನ್ನೊಂದಕ್ಕೆ ಮನೆಯಿಂದಲೇ ಓಡಾಡಿಕೊಂಡು ಮಾತ್ರೆ. ಗುಣವಾಗೋದರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. 1973ರ ವರದಿ ಇದು. ಆಮೇಲೆ ಮದ್ರಾಸಿನಲ್ಲಿ ಓಡಾಡಿಕೊಂಡು ಮಾತ್ರೆ ತಿನ್ನುವವರನ್ನು ದೊಡ್ಡ ಶಸ್ತ್ರಚಿಕಿತ್ಸೆಯ ಪಕ್ಕಕ್ಕಿಟ್ಟು ನೋಡಿದರು. ಈಗ ನಮ್ಮಲ್ಲಿ ಕನಿಷ್ಠ 12 ತಿಂಗಳ ಮಾತ್ರೆ, ಸರ್ಕಾರದಿಂದ ಉಚಿತ.

ನಾನು ಎಂಜಿನಿಯರಿಂಗ್ ಓದಿದವನು, ಕಂಬದ ಒಂದು ಬದಿ ಕುಸಿದರೆ ಏನಾಗುತ್ತೆ ಅಂತ ಗೊತ್ತು. ಆದರೆ ಕಂಬ ಬೆಳೆಯಲ್ಲ, ಮಗು ಬೆಳೆಯುತ್ತೆ. ಮುಂಭಾಗ ತಿಂದುಹೋದ ಬೆನ್ನುಮೂಳೆಯಲ್ಲಿ ಹಿಂಭಾಗ ಮಾತ್ರ ಬೆಳೀತಾ ಹೋದರೆ ಗೂನು ಹೆಚ್ಚುತ್ತಲೇ ಹೋಗುತ್ತೆ. ಕೊಯಮತ್ತೂರಿನ ಮೂಳೆ ತಜ್ಞ ಎಸ್. ರಾಜಶೇಖರನ್ 61 ಮಕ್ಕಳನ್ನು 15 ವರ್ಷ ಹಿಂಬಾಲಿಸಿ 2001ರಲ್ಲಿ ಬರೆದರು: ರೋಗ ಗುಣವಾದ ಮೇಲೂ ಶೇ. 39ರಷ್ಟು ಮಕ್ಕಳಲ್ಲಿ ಬಾಗು ಹೆಚ್ಚಿತ್ತು, ಶೇ. 44ರಲ್ಲಿ ತಾನೇ ಇಳಿದಿತ್ತು. ಯಾರಿಗೆ ಯಾವುದು ಅಂತ ತಿಳಿಯಬೇಕಾದರೆ ಮಾತ್ರೆ ಮುಗಿದ ಮೇಲೂ, ಮಗು ಬೆಳೆದು ನಿಲ್ಲುವ ತನಕ, ಆಗಾಗ ಎಕ್ಸ್‌ರೇ ತೆಗೆಸಲೇಬೇಕು. ಮಾತ್ರೆಯ ಕೋರ್ಸ್ ಮುಗಿಸಿದವರ ಲೆಕ್ಕ ಸರ್ಕಾರ ಇಡುತ್ತೆ. ಈ ಎಕ್ಸ್‌ರೇಗೆ ಯಾವ ಮಗು ಬಂತು, ಯಾವುದು ಬರಲಿಲ್ಲ ಅನ್ನೋದನ್ನೂ ಬರೆದಿಡಲಿ.