ರಾಜಾಜಿನಗರಕ್ಕೆ ಸಮುದ್ರ ತಂದ ಕಥೆ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಎದುರುಮನೆ ಹುಡುಗ ಕೈಯಲ್ಲೊಂದು ಚೀಟಿ ಹಿಡ್ಕೊಂಡು ಬಂದ. ಅವನು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದೆ. ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ ತಂದ. ಎರಡನೇ ಸಂಬಳದಲ್ಲಿ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ ತಂದ. ಈಗ ಅದಕ್ಕೆ ಉಪ್ಪುನೀರು ತುಂಬಿಸಿ ಸಮುದ್ರದ ಮೀನು ಬಿಡಬೇಕಂತೆ.

"ಅಂಕಲ್, ಲಿಸ್ಟ್ ನೋಡಿ ಸ್ವಲ್ಪ. ಏನಾದ್ರೂ ಬಿಟ್ಟುಹೋಗಿದ್ಯಾ?"

ನೋಡಿದೆ. ಕ್ಲೌನ್ ಫಿಶ್ 4, ಡೋರಿ 1, ಮೂರಿಶ್ ಐಡಲ್ 1, ಬಟರ್‌ಫ್ಲೈ 2, ಲಯನ್ ಫಿಶ್ 1, ಮ್ಯಾಂಡರಿನ್ 1, ಕ್ಲೀನರ್ ರಾಸ್ 1, ಕಡಲಕುದುರೆ ಒಂದು ಜೊತೆ. ಬಿಟ್ಟುಹೋಗಿದ್ದು ತಿಮಿಂಗಿಲ ಒಂದೇ!

ನಗಬಾರದು ಅಂದ್ಕೊಂಡೆ. ಯಾಕಂದ್ರೆ 2005ರಲ್ಲಿ ನನ್ನ ಜೇಬಿನಲ್ಲೂ ಹೆಚ್ಚುಕಡಿಮೆ ಇದೇ ಚೀಟಿ ಇತ್ತು.

ನಮ್ಮ ತಲೆಮಾರಿನ ಬೆಂಗಳೂರಿನವರಿಗೆ ಮೀನು ಅಂದರೆ ಕಬ್ಬನ್ ಪಾರ್ಕಿನ ಮತ್ಸ್ಯಾಲಯ. 1983ರಲ್ಲಿ ಶುರುವಾದದ್ದು. ಶಾಲೆಯಿಂದ ಸಾಲಾಗಿ ಕರೆದುಕೊಂಡು ಹೋಗಿದ್ದರು. ಅಲ್ಲಿ ನಾನು ಕಂಡದ್ದೆಲ್ಲ ಗೋಲ್ಡ್ ಫಿಶ್, ಗೌರಾಮಿಯಂಥ ಸಿಹಿನೀರಿನವು. ಸಮುದ್ರದ ಬಣ್ಣದ ಮೀನನ್ನು ಕಣ್ತುಂಬ ನೋಡಿದ್ದು 2003ರ 'ಫೈಂಡಿಂಗ್ ನೀಮೋ' ಸಿನಿಮಾದಲ್ಲಿ. ಎರಡು ವರ್ಷ ಹಣ ಕೂಡಿಸಿ ನಾನೂ ಒಂದು ನಾಲ್ಕಡಿ ತೊಟ್ಟಿ ಮಾಡಿಸಿದೆ. ಉಪ್ಪಿನ ಪುಡಿ ದುಬಾರಿ ಅಂತ ಪಣಂಬೂರು ಬೀಚಿನಿಂದ ಎರಡು ಕ್ಯಾನು ಸಮುದ್ರದ ನೀರನ್ನೇ ರಾತ್ರಿ ಬಸ್ಸಿನಲ್ಲಿ ಹೊತ್ತು ತಂದೆ. ಕಂಡಕ್ಟರು ಮೂಸಿ ನೋಡಿ ಲಗೇಜ್ ಟಿಕೆಟ್ ಹರಿದ. ಮಂಗಳೂರಿನ ಗೆಳೆಯ ಮಾತ್ರ, "ನೀರು ತಗೊಂಡು ಹೋಗ್ತಿ, ಬಂಗುಡೆ ಬೇಡ್ವಾ ಮಾರಾಯ?" ಅಂತ ನಕ್ಕ.

ಎರಡು ಕ್ಯಾನು ಅಂದ್ರೆ ನಲವತ್ತು ಲೀಟರು. ತೊಟ್ಟಿಗೆ ಬೇಕಾದದ್ದು ಇನ್ನೂರು. ಕೊನೆಗೆ ಪುಡಿಯನ್ನೂ ಕೊಂಡೆ. ಅಂಗಡಿಯವನು ಮೂರನೇ ದಿನವೇ ಆರು ನೀಲಿ ಡ್ಯಾಮ್ಸೆಲ್ ಮೀನು ಕೊಟ್ಟು, "ಗಟ್ಟಿ ಮೀನು ಸಾರ್, ಏನೂ ಆಗಲ್ಲ" ಅಂದ. ಒಂಬತ್ತು ದಿನದಲ್ಲಿ ನಾಲ್ಕು ಸತ್ತವು. ಉಳಿದೆರಡು ಇಡೀ ತೊಟ್ಟಿ ತಮ್ಮಪ್ಪನ ಆಸ್ತಿ ಅಂದುಕೊಂಡು, ಆಮೇಲೆ ತಂದ ಕ್ಲೌನ್ ಮೀನನ್ನು ಮೂಲೆಗೆ ಅಟ್ಟಿ ಕಚ್ಚಿ ಕಚ್ಚಿ ಕೊಂದವು. ಅಂಗಡಿಯವನನ್ನು ಬೈದುಕೊಂಡೆ, ನಿಜ. ಆದರೆ ಒಂದು ಪುಸ್ತಕವನ್ನೂ ಓದದೆ ದುಡ್ಡು ಕೊಟ್ಟವನು ನಾನೇ ತಾನೆ?

ಆಮೇಲೆ ಓದಿದೆ. ಓದುತ್ತಾ ಹೋದಂತೆ ಗೊತ್ತಾಯಿತು, ನಾನು ಮಾಡಿದ ತಪ್ಪುಗಳಿಗೆಲ್ಲ ನೂರೈವತ್ತು ವರ್ಷಕ್ಕಿಂತ ಹಳೆಯ ಇತಿಹಾಸ ಇದೆ ಅಂತ.

1846ರಲ್ಲಿ ಆನಾ ಥಿನ್ ಎಂಬ ಹೆಂಗಸು ಇಂಗ್ಲೆಂಡಿನ ಟಾರ್ಕಿ ಕಡಲತೀರದಿಂದ ಹವಳದ ಜೀವಿಗಳನ್ನು ಲಂಡನ್ನಿನ ತನ್ನ ಮನೆಗೆ ತಂದಳು. ಹೊಸ ಸಮುದ್ರದ ನೀರು ದಿನಾ ಸಿಗುವುದಿಲ್ಲವಲ್ಲ? ಹಾಗಾಗಿ ಮನೆಗೆಲಸದ ಹುಡುಗಿ ತೆರೆದ ಕಿಟಕಿಯ ಮುಂದೆ ನಿಂತು ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಸುರಿಯಬೇಕಿತ್ತು, ನಾವು ಕಾಫಿ ಆರಿಸುತ್ತೇವಲ್ಲ, ಹಾಗೆ. ಇವತ್ತಿನ ಏರ್ ಪಂಪು ಮಾಡುವ ಕೆಲಸ ಅದೇ. ನಮ್ಮ ಬೀದಿಯಲ್ಲಿ ಕರೆಂಟು ಹೋಗಿ ಬ್ಯಾಟರಿಯೂ ಕೈಕೊಟ್ಟ ಒಂದು ರಾತ್ರಿ ಸ್ನಾನದ ಚೊಂಬು ಹಿಡಿದು ಎರಡು ಗಂಟೆ ನಾನೂ ಅದನ್ನೇ ಮಾಡಿದ್ದೇನೆ. ಹೆಸರೂ ಉಳಿಯದ ಆ ಹುಡುಗಿ ಆವತ್ತು ನೆನಪಾದಳು.

1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೊದಲ ಸಾರ್ವಜನಿಕ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬಾತ 'ದಿ ಅಕ್ವೇರಿಯಂ' ಪುಸ್ತಕ ಬರೆದ. ಆ ಪದ ಜನರ ಬಾಯಿಗೆ ಬಂದದ್ದೇ ಅವನಿಂದ. ಕಡಲಿನಿಂದ ದೂರ ಇರುವವರಿಗಾಗಿ ಲವಣಗಳನ್ನು ಬೆರೆಸಿ ಸಮುದ್ರದ ನೀರು ತಯಾರಿಸುವ ಲೆಕ್ಕವನ್ನೂ ಕೊಟ್ಟ. ಊರಿಗೆ ಊರೇ ಹುಚ್ಚೆದ್ದು ಬಕೆಟ್ಟು ಹಿಡಿದು ಕಡಲತೀರಕ್ಕೆ ಓಡಿತು. ಬಂಡೆಗಳ ನಡುವಿನ ಹೊಂಡಗಳನ್ನು ಬಳಿದು ತಂದರು. ತಂದದ್ದು ಮನೆಗಳಲ್ಲಿ ಕೊಳೆತು ನಾರಿತು. ಗಾಸ್‌ನ ಮಗ ಎಡ್ಮಂಡ್ 1907ರಲ್ಲಿ ಬರೆದ ಆತ್ಮಕಥೆಯಲ್ಲಿ ಅಪ್ಪನ ಪುಸ್ತಕಗಳೇ ಆ ತೀರವನ್ನು ಬರಿದು ಮಾಡಿದವು ಅಂತ ಕೊರಗಿದ್ದಾನೆ.

ಯಾಕೆ ಕೊಳೆಯಿತು? ಗಾಸ್‌ನ ಕಾಲಕ್ಕೆ ಗಿಡ ಮತ್ತು ಪ್ರಾಣಿ ಒಂದನ್ನೊಂದು ಸರಿತೂಗಿಸಿದರೆ ಸಾಕು ಎಂಬ ನಂಬಿಕೆ ಇತ್ತು. ಮೀನಿನ ಹೇಲು ಮತ್ತು ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ, ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ ಅನ್ನುವುದು ಸ್ಪಷ್ಟವಾದದ್ದು 1890ರ ಸುಮಾರಿಗೆ, ರಷ್ಯಾದ ವಿನೊಗ್ರಾಡ್‌ಸ್ಕಿಯಿಂದ. ಈ ಬ್ಯಾಕ್ಟೀರಿಯಾ ಹೊಸ ತೊಟ್ಟಿಯಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಾನು ಕೊಟ್ಟದ್ದು ಮೂರು ದಿನ! ನನ್ನ ನಾಲ್ಕು ಡ್ಯಾಮ್ಸೆಲ್ ಸತ್ತದ್ದು ಯಾವ ರೋಗದಿಂದಲೂ ಅಲ್ಲ, ತಮ್ಮದೇ ಉಚ್ಚೆಯ ವಿಷದಿಂದ.

ನಮ್ಮ ದೇಶದಲ್ಲಿ ಈ ಹವ್ಯಾಸ ಬಹಳ ಕಾಲ ಕಡಲತೀರ ಬಿಟ್ಟು ಕದಲಲಿಲ್ಲ. 1909ರಲ್ಲಿ ಎಡ್ಗರ್ ಥರ್ಸ್ಟನ್ ಮುತುವರ್ಜಿಯಿಂದ ಮದರಾಸಿನ ಮರೀನಾದಲ್ಲಿ ಮತ್ಸ್ಯಾಲಯ ಬಂತು. 1951ರಲ್ಲಿ ಮುಂಬೈಯಲ್ಲಿ ತಾರಾಪೋರ್‌ವಾಲಾ ಮತ್ಸ್ಯಾಲಯ ಬಂತು. ಎರಡೂ ಅಲೆಗಳ ಪಕ್ಕದಲ್ಲೇ. ಒಳನಾಡಿನ ಮನೆಗಳಿಗೆ ಸಮುದ್ರ ಬಂದದ್ದು 1960ರ ದಶಕದಲ್ಲಿ ಅಮೆರಿಕದಲ್ಲಿ ಪೊಟ್ಟಣದ ಉಪ್ಪು ಮಾರಾಟಕ್ಕೆ ಬಂದ ಮೇಲೆ. ಲೀಟರಿಗೆ ಸುಮಾರು 35 ಗ್ರಾಂ. ನಮ್ಮ ಇನ್ನೂರು ಲೀಟರಿಗೆ ಏಳು ಕಿಲೋ.

ಉಪ್ಪೇನೋ ಸಿಗುತ್ತದೆ, ನೀರು? ನಮ್ಮ ಊರಿನ ಚರಿತ್ರೆಯೇ ನೀರಿನದು. 1890ರ ದಶಕದಲ್ಲಿ ಹೆಸರಘಟ್ಟದಿಂದ ತಂದರು. ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಕಟ್ಟಿದರು. ಅದೂ ಸಾಲದೆ 1974ರಿಂದ ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಪಂಪು ಹಚ್ಚಿ ಮೇಲೆತ್ತಿ ತರುತ್ತಿದ್ದೇವೆ. ರಾಜಾಜಿನಗರ, ವಿಜಯನಗರದ ಕಡೆಗೆ ಬರುತ್ತಿದ್ದ ತಿಪ್ಪಗೊಂಡನಹಳ್ಳಿ ನೀರು ಮಾಲಿನ್ಯದಿಂದಾಗಿ 2012ರಲ್ಲಿ ನಿಂತಿತು. ಬೋರ್‌ವೆಲ್ ನೀರಿನ ಗಡಸು, ನೈಟ್ರೇಟು ಕಡಲ ಮೀನಿಗೆ ಆಗುವುದಿಲ್ಲ. ಆರ್‌ಓ ಯಂತ್ರದಲ್ಲಿ ಸೋಸಬೇಕು. ಒಂದು ಲೀಟರ್ ಸೋಸಿದರೆ ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ.

2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದಾಗ ಅಮ್ಮ ಕೇಳಿದ್ದರು: "ಮನುಷ್ಯರಿಗೇ ಟ್ಯಾಂಕರ್ ಬರ್ತಿಲ್ಲ, ನಿನ್ನ ಮೀನಿಗೆ ಸಮುದ್ರ ಬೇಕಾ?" ಉತ್ತರ ಇರಲಿಲ್ಲ. ಅವತ್ತಿನಿಂದ ಆರ್‌ಓ ಬಿಟ್ಟ ನೀರಿನ ಒಂದು ಹನಿಯೂ ಚರಂಡಿಗೆ ಹೋಗಿಲ್ಲ. ನೆಲ ಒರೆಸುವುದು, ಕಕ್ಕಸಿಗೆ ಹಾಕುವುದು ಅದರಲ್ಲೇ.

ಇನ್ನೊಂದು ಮಾತು. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರಲ್ಲಿ ಕರಗುವ ಆಮ್ಲಜನಕವೂ ಕಡಲತೀರಕ್ಕಿಂತ ಶೇಕಡ ಹತ್ತರಷ್ಟು ಕಡಿಮೆ. ಉಪ್ಪುನೀರಲ್ಲಿ ಆಮ್ಲಜನಕ ಕರಗುವುದೇ ಸಿಹಿನೀರಿಗಿಂತ ಕಡಿಮೆ. ಪುಸ್ತಕದಲ್ಲಿ ಎಂಟು ಮೀನು ಅಂತಿದ್ದರೆ ರಾಜಾಜಿನಗರದಲ್ಲಿ ಐದಾರು ಅಂತ ಓದಿಕೊಳ್ಳಿ!

ಈಗ ಹುಡುಗನ ಚೀಟಿಗೆ ಬರೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಸುಮಾರಿಗೆ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಅಂತ ಒಂದು ಭಾಗ ಇದೆ. ಮೀನುಗಳನ್ನು ಸಮುದ್ರದವು, ನದಿಯವು ಅಂತ ವಿಂಗಡಿಸಿ, ಪೊರೆ ಇರುವವು, ಇಲ್ಲದವು ಅಂತ ಹೇಳಿ, ಯಾವ ಮೀನಿಗೆ ಯಾವ ತಿನಿಸು ಎಂದೂ ಹೇಳುತ್ತದೆ. ದೊರೆಗೆ ಬೇಕಾಗಿದ್ದದ್ದು ಗಾಳಕ್ಕೆ, ನಮಗೆ ಬೇಕಾದದ್ದು ಸಾಕಲಿಕ್ಕೆ. ಆದರೂ ಪ್ರಶ್ನೆ ಒಂದೇ: ಇದು ಏನು ತಿನ್ನುತ್ತದೆ?

ಈ ಒಂದು ಪ್ರಶ್ನೆ ಹಿಡಿದು ಪೆನ್ಸಿಲ್ ತಗೊಂಡೆ. ಬಟರ್‌ಫ್ಲೈ: ಹಲವು ಜಾತಿಗಳು ಜೀವಂತ ಹವಳವನ್ನೇ ಕುಕ್ಕಿ ತಿನ್ನುವಂಥವು, ತೊಟ್ಟಿಯಲ್ಲಿ ಉಪವಾಸ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಅವು ಜೋಡಿಯಾಗಿ ಓಡಾಡುವುದನ್ನು ನೋಡಿದ ಮೇಲೆ ನನಗಂತೂ ತೊಟ್ಟಿಗೆ ತರುವ ಮನಸ್ಸೇ ಹೋಯಿತು. ಮೂರಿಶ್ ಐಡಲ್: ಸ್ಪಂಜು ಮೇಯುವ ಪ್ರಾಣಿ, ಅನುಭವಿಗಳ ತೊಟ್ಟಿಯಲ್ಲೂ ಸೊರಗುತ್ತದೆ. ಮ್ಯಾಂಡರಿನ್: ಕಲ್ಲಿನ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳನ್ನು ದಿನವಿಡೀ ಹೆಕ್ಕುತ್ತದೆ, ಹೊಸ ತೊಟ್ಟಿಯಲ್ಲಿ ಅವೇ ಇರುವುದಿಲ್ಲ. ಕ್ಲೀನರ್ ರಾಸ್: ಬೇರೆ ಮೀನುಗಳ ಮೈಮೇಲಿನ ಪರಾವಲಂಬಿ ಇದರ ಊಟ, ಐದು ಮೀನಿನ ಮನೆಯಲ್ಲಿ ಹೊಟ್ಟೆ ತುಂಬದು. ಲಯನ್: ಬಾಯಿಗೆ ಹಿಡಿಸಿದ ಮೀನನ್ನೆಲ್ಲ ನುಂಗುತ್ತದೆ, ಮುಳ್ಳಲ್ಲಿ ವಿಷ ಬೇರೆ. ಡೋರಿ ಪಾಪ ಕೊಟ್ಟದ್ದು ತಿನ್ನುತ್ತದೆ, ಆದರೆ ಒಂದಡಿ ಬೆಳೆಯುತ್ತದೆ. ನಾಲ್ಕಡಿ ತೊಟ್ಟಿಯಲ್ಲಿ ಒಂದಡಿ ಮೀನು ಅಂದರೆ ಬಚ್ಚಲಲ್ಲಿ ಎಮ್ಮೆ ಕಟ್ಟಿದ ಹಾಗೆ.

ಕಡಲಕುದುರೆಗೆ ಬಂದಾಗ ಪ್ರಶ್ನೆ ಹೊಟ್ಟೆಯದಲ್ಲ, ಕಾನೂನಿನದು. 2001ರ ಜುಲೈನಲ್ಲಿ ಕಡಲಕುದುರೆಗಳನ್ನು, ಬಂಡೆ ಕಟ್ಟುವ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಗೆ ಸೇರಿಸಿದರು. ಹುಲಿ ಇರುವ ಪಟ್ಟಿ ಅದು. ಹಳೇ ರಾಜಾಜಿನಗರದ ಎಷ್ಟೋ ಮನೆಗಳ ಶೋಕೇಸಿನಲ್ಲಿ ಕನ್ಯಾಕುಮಾರಿ ಪ್ರವಾಸದಿಂದ ತಂದ ಬಿಳಿ ಹವಳದ ತುಂಡು ಇರುತ್ತಿತ್ತು, ನೆನಪಿದೆಯಾ? ಅದನ್ನು ತೊಟ್ಟಿಯ ಅಲಂಕಾರಕ್ಕೆ ಕೊಳ್ಳುವುದೂ ಈಗ ಅಪರಾಧವೇ. ಕಾರ್ಖಾನೆಯ ಸೆರಾಮಿಕ್ ಕಲ್ಲು ಸಾಕು, ಬ್ಯಾಕ್ಟೀರಿಯಾಕ್ಕೆ ಭೇದ ಇಲ್ಲ.

ಕೊನೆಗುಳಿದದ್ದು ಕ್ಲೌನ್. ಇಲ್ಲಿ ನನ್ನ ಎರಡನೇ ಪ್ರಶ್ನೆ: ಇದು ಹುಟ್ಟಿದ್ದು ಎಲ್ಲಿ? 1960ರ ದಶಕದಲ್ಲಿ ಫಿಲಿಪೀನ್ಸ್‌ನಲ್ಲಿ ಹವಳದ ಸಂದಿಗೆ ಸಯನೈಡ್ ಎರಚಿ ಮತ್ತು ಬಂದ ಮೀನನ್ನು ಹಿಡಿಯುವ ಚಾಳಿ ಶುರುವಾಯಿತು. ಮೀನು ಅಂಗಡಿಗೆ ಬಂದು ಎಷ್ಟೋ ದಿನದ ಮೇಲೆ ಸಾಯುತ್ತದೆ, ಹವಳ ಅಲ್ಲೇ ಸಾಯುತ್ತದೆ. ಇದಕ್ಕೆ ಉತ್ತರ ಸಿಕ್ಕಿದ್ದು 1970ರ ದಶಕದಲ್ಲಿ. ಅಮೆರಿಕದ ಮಾರ್ಟಿನ್ ಮೋ ಮತ್ತಿತರರು ಕ್ಲೌನ್ ಮರಿಗಳನ್ನು ತೊಟ್ಟಿಯಲ್ಲೇ ಹುಟ್ಟಿಸಿ ಮಾರುವ ದಾರಿ ತೋರಿಸಿದರು. ನಮ್ಮ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರೂ ಕೇರಳದ ವಿಳಿಂಜಂ, ತಮಿಳುನಾಡಿನ ಮಂಡಪಂ ಕೇಂದ್ರಗಳಲ್ಲಿ ಇದನ್ನು ಸಾಧಿಸಿದರು. 2017ರಲ್ಲಿ ಕೇಂದ್ರ ಸರ್ಕಾರ ಕ್ಲೌನ್ ಸೇರಿದಂತೆ 158 ಬಗೆಯ ಮೀನುಗಳ ಮಾರಾಟ ನಿಷೇಧಿಸುವ ನಿಯಮ ತಂದಿತ್ತು. ವಿರೋಧ ಬಂದು ಆಮೇಲೆ ಹಿಂದಕ್ಕೆ ತೆಗೆದುಕೊಂಡಿತು. ನಿಯಮ ಹೋಯಿತು, ಪ್ರಶ್ನೆ ಹೋಗಲಿಲ್ಲ.

ನಾಲ್ಕು ಬೇಡ, ಎರಡು ಸಾಕು. ಕ್ಲೌನ್ ಎಲ್ಲವೂ ಹುಟ್ಟುವಾಗ ಗಂಡು. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಎರಡು ಮರಿ ತಂದರೆ ತಾವೇ ದಂಪತಿಯಾಗುತ್ತವೆ, ನಾಲ್ಕು ತಂದರೆ ಜಗಳ. ಸಿನಿಮಾದಲ್ಲಿ ತೋರಿಸಿದ ಅನಿಮೋನ್ ಇಲ್ಲದೆಯೂ ಚೆನ್ನಾಗಿ ಬದುಕುತ್ತವೆ. ನನ್ನ ಮನೆಯ ಜೋಡಿಗೆ ಈಗ ಹನ್ನೊಂದು ವರ್ಷ.

ಚೀಟಿಯ ಹಿಂಬದಿಯಲ್ಲಿ ಹೊಸ ಪಟ್ಟಿ ಬರೆದುಕೊಟ್ಟೆ. ನೀರು ಪಕ್ವವಾದ ಮೇಲೆ ಮೊದಲು ಒಂದು ಫೈರ್‌ಫಿಶ್, ಮುಚ್ಚಳ ಮರೆಯಬೇಡ, ಅದು ಹಾರುತ್ತದೆ. ಮೂರು ನಾಲ್ಕು ವಾರ ಬಿಟ್ಟು ಒಂದು ವಾಚ್‌ಮನ್ ಗೋಬಿ. ಆಮೇಲೆ ಹ್ಯಾಚರಿಯ ಎರಡು ಕ್ಲೌನ್. ಬೇಕೇಬೇಕು ಅಂದರೆ ಕಟ್ಟಕಡೆಗೆ ಒಂದೇ ಒಂದು ಹಳದಿ ಬಾಲದ ಡ್ಯಾಮ್ಸೆಲ್. ಸಾಧುಗಳು ಮೊದಲು, ರೌಡಿ ಕೊನೆಗೆ. ನಾನು ಮಾಡಿದ್ದು ತಿರುಗಾಮುರುಗಾ. ಪ್ರತಿಯೊಂದಕ್ಕೂ ಬೇರೆ ಸಣ್ಣ ತೊಟ್ಟಿಯಲ್ಲಿ ನಾಲ್ಕು ವಾರ ವನವಾಸ, ರೋಗ ಇದ್ದರೆ ಅಲ್ಲೇ ಗೊತ್ತಾಗಲಿ. ಇದರಲ್ಲೂ ಫೈರ್‌ಫಿಶ್, ಗೋಬಿ ಹೆಚ್ಚಾಗಿ ಕಡಲಿನಿಂದ ಹಿಡಿದು ತಂದವೇ. ಅದನ್ನೂ ಹುಡುಗನಿಗೆ ಹೇಳಿದೆ. ನನ್ನ ಕೈ ಪೂರ್ತಿ ಶುದ್ಧ ಅಂತ ಹೇಳಿಕೊಳ್ಳಲಾರೆ.

ಹುಡುಗನ ಮುಖ ಸಪ್ಪಗಾಯಿತು. "ಹದಿಮೂರು ಬರ್ಕೊಂಡು ಬಂದಿದ್ದೆ ಅಂಕಲ್, ಐದು ಮಾಡಿಬಿಟ್ರಿ" ಅಂದ. ಈ ಹವ್ಯಾಸದ ಇತಿಹಾಸವೇ ಅಷ್ಟು ಕಣಪ್ಪ, ಪ್ರತಿ ತಲೆಮಾರೂ ಒಂದಷ್ಟು ಮೀನು ಕೊಂದು ಪಟ್ಟಿಯಿಂದ ಒಂದಷ್ಟು ಹೆಸರು ಹೊಡೆದುಹಾಕಿದೆ, ನೀನು ಕೊಲ್ಲದೆಯೇ ಹೊಡೆದುಹಾಕಬಹುದು ಅಂದೆ.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಐದನೇ ವಾರ. ತೊಟ್ಟಿಯಲ್ಲಿ ನೀರು, ಕಲ್ಲು, ಪಂಪಿನ ಸದ್ದು, ಅಷ್ಟೇ. ಹುಡುಗ ಅಮೋನಿಯಾ ಪರೀಕ್ಷೆಯ ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಅವನಮ್ಮ ಕಾಫಿ ಕೊಡುತ್ತಾ, "ಬರೀ ನೀರಿಗೆ ದಿನಾ ದೀಪ ಹಾಕ್ಕೊಂಡು ಕೂತಿರ್ತಾನೆ, ಮೀನೆಲ್ರೀ?" ಅಂತ ನನ್ನನ್ನೇ ಕೇಳಿದರು.

ಹುಡುಗನೇ ಉತ್ತರ ಕೊಟ್ಟ. "ಬರುತ್ತಮ್ಮ. ಇನ್ನೂ ನೀರೇ ರೆಡಿಯಾಗಿಲ್ಲ."

ಈ ಒಂದು ಮಾತನ್ನು 2005ರಲ್ಲಿ ನನಗೆ ಯಾರಾದರೂ ಹೇಳಿದ್ದರೆ, ಐದು ಮೀನು ಉಳಿಯುತ್ತಿದ್ದವು.